ಅರ್ಜಿ ಯಾರಿಗೆ ಬರೀಬೇಕು, ಏನಂತ ಕೇಳಬೇಕು

ತುಮಕೂರಿನ ಡಿ.ಸಿ. ಆಫೀಸಿನ ಹತ್ತಿರ ಕೂತು ಅರ್ಜಿ ಬರೆದುಕೊಡೋದು ನನ್ನ ಕೆಲಸ. ಬರುವವರಲ್ಲಿ ಬಹಳ ಜನ ಹೇಳೋದು ಒಂದೇ ಮಾತು: "ಡಿ.ಸಿ. ಸಾಹೇಬ್ರಿಗೇ ಬರೀರಿ ಸಾರ್, ದೊಡ್ಡೋರಿಗೆ ಕೊಟ್ರೆ ಬೇಗ ಆಗುತ್ತೆ." ಎಲ್ಲದಕ್ಕೂ ಹಾಗಾಗಲ್ಲ. ಬೇರೆ ಇಲಾಖೆಯ ಕೆಲಸವಾದರೆ ಅರ್ಜಿ ಮೇಲೆ "ಸೂಕ್ತ ಕ್ರಮಕ್ಕಾಗಿ" ಅಂತ ಷರಾ ಬಿದ್ದು ಅದು ಅಲ್ಲಿಗೇ ಟಪಾಲಾಗುತ್ತೆ, ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಪ್ರತಿಯೊಂದು ನಿಯಂತ್ರಣ ಸಂಸ್ಥೆಗೂ ಕಾಯ್ದೆ ಇಷ್ಟೇ ಅಧಿಕಾರ ಅಂತ ಗೆರೆ ಎಳೆದಿದೆ. ಆ ಗೆರೆಯೊಳಗೆ ಇರೋದನ್ನ ಹೆಸರು ಹಿಡಿದು ಕೇಳಿದರೆ ಅಧಿಕಾರಿಗೆ ನುಣುಚಿಕೊಳ್ಳೋದು ಕಷ್ಟ. "ನ್ಯಾಯ ಒದಗಿಸಿಕೊಡಬೇಕಾಗಿ ವಿನಂತಿ" ಅಂತ ಮುಗಿಸಿದ ಅರ್ಜಿಗೆ "ಪರಿಶೀಲನೆಯಲ್ಲಿದೆ" ಅಂತ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು.

ನನ್ನ ಹತ್ತಿರ ಹೆಚ್ಚು ಬರೋದು ಕರೆಂಟ್ ಬಿಲ್ಲಿನ ತಕರಾರು. ಬಿಲ್ ಒಮ್ಮೆಲೇ ನಾಲ್ಕು ಪಟ್ಟು ಬಂತು ಅಂತ ಕೆಇಆರ್‌ಸಿಗೆ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬರೆಯಬೇಡಿ. 1999ರಲ್ಲಿ ಶುರುವಾದ ಆ ಆಯೋಗ ಯೂನಿಟ್ಟಿನ ದರ ನಿಗದಿ ಮಾಡುತ್ತೆ, ಕರೆಂಟ್ ಕೊಡೋ ಬೆಸ್ಕಾಂ ಕಂಪನಿ ಹೇಗೆ ನಡೆದುಕೊಳ್ಳಬೇಕು ಅಂತ ನಿಯಮ ಹಾಕುತ್ತೆ. ನಿಮ್ಮ ಮನೆ ಬಿಲ್ ತಿದ್ದೋದು ಅದರ ಕೆಲಸವಲ್ಲ. ದರ ಏರಿಕೆಯೇ ತಪ್ಪು ಅನ್ನಿಸಿದರೆ ಮಾತ್ರ, ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಆಯೋಗಕ್ಕೆ ಆಕ್ಷೇಪಣೆ ಕೊಡಿ. ಬಿಲ್ಲಿಗೆ ಮೊದಲು ಬೆಸ್ಕಾಂ ಸಬ್‌ಡಿವಿಷನ್ನಿನ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್), ಆಮೇಲೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸಿ ತೀರ್ಮಾನ ಕೊಡೋ ಅಧಿಕಾರಿ. ಕಳ್ಳತನ, ಅನಧಿಕೃತ ಬಳಕೆ ಅಂತ ಹಾಕಿದ ಬಿಲ್ಲಾದರೆ ದಾರಿ ಬೇರೆ.

ಲೈನ್ ಕತ್ತರಿಸ್ತಾರೆ ಅನ್ನೋ ಭಯಕ್ಕೆ ಜನ ಸಾಲ ಮಾಡಿ ಪೂರ್ತಿ ಕಟ್ಟಿಬಿಡ್ತಾರೆ. ನೋಡಿದರೆ ಸಂಕಟವಾಗುತ್ತೆ, ಯಾಕೆಂದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಅವರ ಪರವಾಗಿದೆ. ಬಾಕಿಗಾಗಿ ಲೈನ್ ಕತ್ತರಿಸಲು 15 ದಿನ ಮುಂಚೆ ಲಿಖಿತ ನೋಟಿಸ್ ಕೊಡಲೇಬೇಕು. ಬಿಲ್ಲೇ ತಕರಾರಿನಲ್ಲಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನ ಕಟ್ಟಿದರೆ ತಕರಾರು ಮುಗಿಯೋ ತನಕ ಕತ್ತರಿಸುವಂತಿಲ್ಲ. ನಾನು ಹೀಗೆ ಬರೀತೀನಿ: "ಸದರಿ ಬಿಲ್ಲಿಗೆ ನನ್ನ ಆಕ್ಷೇಪಣೆಯಿದ್ದು, ಕಲಂ 56(1)ರಂತೆ ಕಳೆದ ಆರು ತಿಂಗಳ ಸರಾಸರಿ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸಿರುತ್ತೇನೆ. ಮೀಟರ್ ಪರೀಕ್ಷೆ ನಡೆಸಿ, ವರದಿಯ ಪ್ರತಿ ನೀಡಿ, ಬಿಲ್ ಪರಿಷ್ಕರಿಸಲು ಕೋರುತ್ತೇನೆ." ಹಿಂದಿನ ಬಿಲ್ಲುಗಳನ್ನ ಜೊತೆಗೆ ಪಿನ್ ಮಾಡಿ.

ಕಾರ್ಖಾನೆ ಪಕ್ಕದ ಹಳ್ಳಿಯವರು ಬಾಟಲಿಯಲ್ಲಿ ಕಪ್ಪು ನೀರು ತುಂಬಿಕೊಂಡು ಬರ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಕಾರ್ಖಾನೆ ಮೇಲೆ ಕೇಸು ನಡೆಸಲು ಆ ಬಾಟಲಿ ಸಾಲದು. 1974ರ ಜಲ ಕಾಯ್ದೆ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ತಿಳಿಸಿ, ಅವರ ಎದುರೇ ಮಾದರಿ ತೆಗೆದು, ಎರಡು ಭಾಗ ಮಾಡಿ, ಸೀಲ್ ಹಾಕಿ ಸಹಿ ಮಾಡಬೇಕು. ಹಾಗಾಗಿ ಆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಯುವಾಗ ನೀರು ಯಾವ ಮೋರಿಯಿಂದ ಬಿಡ್ತಾರೆ, ಯಾವ ಹೊತ್ತಿಗೆ ಬಿಡ್ತಾರೆ ಅನ್ನೋದನ್ನ ಬಿಡಿಸಿ ಬರೆಯಿರಿ. ರಾತ್ರಿ ಎರಡಕ್ಕೆ ಬಿಡೋ ನೀರಿಗೆ ಹಗಲು ಹನ್ನೊಂದಕ್ಕೆ ಬಂದ ಅಧಿಕಾರಿ ಏನು ತೆಗೆದುಕೊಂಡು ಹೋಗ್ತಾರೆ? ಆ ಹೊತ್ತಿಗೇ ಬಂದು ಮಾದರಿ ತೆಗೆಯಿರಿ, ಮಂಡಳಿ ಕಾರ್ಖಾನೆಗೆ ಕೊಟ್ಟ ಸಮ್ಮತಿ ಪತ್ರದ ಷರತ್ತು ಮೀರಿದ್ದರೆ 33ಎ ಕಲಂ ಪ್ರಕಾರ ಆದೇಶ ಹೊರಡಿಸಿ ಅಂತ ಕೇಳಿ. ಆ ಕಲಂನಲ್ಲಿ ಕಾರ್ಖಾನೆ ಮುಚ್ಚಿಸುವ, ಕರೆಂಟ್ ಮತ್ತು ನೀರು ನಿಲ್ಲಿಸುವ ಅಧಿಕಾರವಿದೆ. ಹಾಳಾದ ಬೆಳೆಗೆ ಪರಿಹಾರ ಬೇಕಿದ್ದರೆ ಪರಿಸರದ ಕೇಸು ನೋಡೋ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು, ನಮ್ಮ ಕಡೆಯವರಿಗೆ ಅದರ ಪೀಠ ಚೆನ್ನೈಯಲ್ಲಿದೆ.

ತೂಕದ ಮೋಸಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ. ಅಂತರಸನಹಳ್ಳಿ ಮಾರ್ಕೆಟ್ಟಿರಲಿ, ತಿಪಟೂರಿನ ಕೊಬ್ಬರಿ ಮಂಡಿಯಿರಲಿ, ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆ ಹಾಕಿಸಲೇಬೇಕು. ತೂಕಕ್ಕೆ ಇಡೋ ಮುಂಚೆ ತಕ್ಕಡಿಯ ಸೀಲ್ ನೋಡಿ, ಮುದ್ರೆಯ ಸರ್ಟಿಫಿಕೇಟ್ ಕೇಳಿ. ಇನ್‌ಸ್ಪೆಕ್ಟರ್ ಒಳಗೆ ಬಂದು ಪರೀಕ್ಷೆ ಮಾಡಬಹುದು, ತಕ್ಕಡಿ ಜಪ್ತಿ ಮಾಡಬಹುದು. ಆದರೆ ನಿಮ್ಮ ನಷ್ಟ ತುಂಬಿಕೊಡಲ್ಲ. ಕೊಂಡುಕೊಂಡವರು ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ರಸೀದಿ ಮಾತ್ರ ಇರಲೇಬೇಕು ಅಂತ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ.

ಬ್ಯಾಂಕಿನ ದೂರು ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ. 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಪುಕ್ಕಟೆಯಾಗಿ ದೂರು ಕೊಡಬಹುದು. ಕೇಳೋದಿದ್ದರೆ 14448ಕ್ಕೆ ಫೋನ್ ಮಾಡಿ.

ಯಾವ ಕಚೇರಿಯೇ ಆಗಲಿ, ಎರಡು ಪ್ರತಿ ತೆಗೆದುಕೊಂಡು ಹೋಗಿ, ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಟಪಾಲು ಟೇಬಲ್ ಬಿಟ್ಟು ಬರಬೇಡಿ. ತಿಂಗಳಾದರೂ ಸದ್ದಿಲ್ಲದಿದ್ದರೆ ಅದೇ ಇನ್‌ವರ್ಡ್ ನಂಬರ್ ಹಾಕಿ, 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ದಾಟಬಾರದು. ಕಥೆ ಬೇಡ. "ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ನೀಡಿ" ಅಂತ ಕೇಳಿ. ಯಾರ ಟೇಬಲ್ ಮೇಲೆ ಯಾವ ತಾರೀಖಿನಿಂದ ನಿಂತಿದೆ ಅನ್ನೋದು ಆ ಹಾಳೆಗಳಲ್ಲೇ ಇರುತ್ತೆ.