ಕೈ ಬಿಗಿತಕ್ಕೆ ಕಾಲಿನಲ್ಲಿ ಮದ್ದು: ಒಬ್ಬ ಹವ್ಯಾಸಿ ಡರ್ಟ್ ರೇಸರ್‌ನ ಮಳೆಗಾಲ

ಘಟ್ಟದ ಮೇಲಿನ ರೇಸರ್‌ಗಳಿಗೆ ಆಫ್ ಸೀಸನ್ ಅಂದರೆ ಕ್ಯಾಲೆಂಡರಿನಲ್ಲಿ ರೇಸ್ ಸರಣಿಯ ಎರಡು ಸುತ್ತುಗಳ ನಡುವೆ ಸಿಗುವ ಬಿಡುವು. ಉಡುಪಿಯ ನಮಗೆ ಅದು ಮಳೆ. ಜೂನ್ ಮೊದಲ ವಾರ ಹಿಡಿದರೆ ಸೆಪ್ಟೆಂಬರ್ ಮುಗಿಯುವ ತನಕ ಒಣ ಮಣ್ಣು ಕಾಣಸಿಗುವುದಿಲ್ಲ. ವರ್ಷದ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಬೈಕಿಗೆ ಟಾರ್ಪಾಲು ಹೊದೆಸಿ ದೀಪಾವಳಿಗೆ ತೆಗೆಯುವವರೇ ಜಾಸ್ತಿ. ನಾನು ಹಾಗೆ ಮಾಡುವುದಿಲ್ಲ. ಇಡೀ ಮಳೆಗಾಲ ಓಡಿಸುತ್ತೇನೆ, ಆದರೆ ಎರಡನೇ ಗೇರ್ ದಾಟುವುದು ಅಪರೂಪ.

ಹಗಲು ಮಣಿಪಾಲದಲ್ಲಿ ಲೆಕ್ಕಪತ್ರದ ಕೆಲಸ, ಉಳಿದ ಹೊತ್ತಿನಲ್ಲಿ ಡರ್ಟ್ ರೇಸ್. ಗಾಡಿ ಹೀರೋ ಎಕ್ಸ್‌ಪಲ್ಸ್ 200, ಅದಕ್ಕೆ ರ‍್ಯಾಲಿ ಕಿಟ್. ಮುಂದಿನ ಸಸ್ಪೆನ್ಶನ್ 250 ಮಿ.ಮೀ., ಹಿಂದಿನದು 220 ಮಿ.ಮೀ. ಆಡುತ್ತದೆ. ತೂಕ ಮಾತ್ರ 160 ಕೆ.ಜಿ. ಹತ್ತಿರ. ಮೋಟೋಕ್ರಾಸ್‌ಗೆಂದೇ ಮಾಡಿದ 250 ಸಿಸಿ ಬೈಕುಗಳು 110 ಕೆ.ಜಿ. ಒಳಗೇ ಇರುತ್ತವೆ. ಆ ಹೆಚ್ಚುವರಿ ಐವತ್ತು ಕೆ.ಜಿ.ಯ ಲೆಕ್ಕ ಕೊನೆಗೆ ಬಂದು ಬೀಳುವುದು ಮೊಣಕೈ ಕೆಳಗಿನ ಮಾಂಸಖಂಡದ ಮೇಲೆ. ರೇಸ್ ಶುರುವಾಗಿ ಕೆಲವು ಲ್ಯಾಪ್ ಕಳೆಯುವಷ್ಟರಲ್ಲಿ ಕೈ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಕ್ಲಚ್ ಎಳೆಯಲು ಆಗುವುದಿಲ್ಲ, ಬ್ರೇಕ್ ಎಷ್ಟು ಹಿಡಿದೆ ಎಂಬ ಅಂದಾಜೂ ತಪ್ಪುತ್ತದೆ. ರೇಸಿನವರು ಇದನ್ನು ಆರ್ಮ್ ಪಂಪ್ ಅನ್ನುತ್ತಾರೆ. ಮುಂಗೈಯ ಸ್ನಾಯುಗಳ ಸುತ್ತ ಹೆಚ್ಚು ಹಿಗ್ಗದ ಒಂದು ಪೊರೆ ಇದೆ. ಬಿಗಿಮುಷ್ಟಿಯಲ್ಲೇ ಕೈ ಇಟ್ಟರೆ ಒಳಗೆ ಬಂದ ರಕ್ತ ಸಲೀಸಾಗಿ ಹೊರಗೆ ಹೋಗುವುದಿಲ್ಲ, ಸ್ನಾಯು ಊದಿಕೊಂಡು ಒತ್ತಡ ಏರುತ್ತದೆ. ದೊಡ್ಡ ರೇಸರ್‌ಗಳಲ್ಲಿ ಕೆಲವರು ಆ ಪೊರೆಯನ್ನೇ ಸೀಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ. ಹವ್ಯಾಸಿಗೆ ಅಷ್ಟೆಲ್ಲ ಬೇಕಾಗಿಲ್ಲ. ಆದರೆ ಗಾಡಿ ನಿಲ್ಲಿಸಿ ಬಹಳ ಹೊತ್ತಾದರೂ ಜೋಮು ಬಿಡದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಕೈಗೆ ಬಲ ಸಾಲದು, ಸ್ಪ್ರಿಂಗ್ ಗ್ರಿಪ್ಪರ್ ಒತ್ತು ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ ಎಂದು ನನಗೆ ಖಾತ್ರಿಯಾದದ್ದು ಮಲ್ಪೆಯ ನನ್ನ ಗೆಳೆಯನಿಂದ. ಅವನು ಟ್ರಾಲ್ ಬೋಟಿನವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಒಟ್ಟು 61 ದಿನ. ಅವನ ಆಫ್ ಸೀಸನ್ನೂ ನನ್ನದೂ ಒಟ್ಟಿಗೇ ಬರುತ್ತವೆ. ಅವನ ಮುಂಗೈ ನೋಡಿದರೆ ಸಾಕು, ನಾನು ಜಿಮ್ಮಿನಲ್ಲಿ ಹತ್ತು ವರ್ಷ ದುಡಿದರೂ ಹಾಗಾಗಲಿಕ್ಕಿಲ್ಲ. ಬೈಕ್ ಕೊಟ್ಟು ಗದ್ದೆಯಲ್ಲಿ ನಾಲ್ಕು ಸುತ್ತು ಹೊಡಿ ಅಂದೆ. ಇಳಿದವನು ಕೈ ಕೊಡವುತ್ತ, "ಎಂಥ ಮಾರಾಯ ಇದು, ಬಲೆ ಎಳೆದು ಎಳೆದು ಪಳಗಿದ ಕೈ, ಹೀಗೆ ಯಾಕೆ ಆಗ್ತದೆ?" ಅಂದ. ಬಲೆ ಎಳೆಯುವಾಗ ಕೈ ಬಿಗಿದು ಸಡಿಲವಾಗುತ್ತಿರುತ್ತದೆ. ಹ್ಯಾಂಡಲ್ ಮೇಲೆ ಅವನು ಒಂದು ಸಲವೂ ಸಡಿಲ ಬಿಟ್ಟಿರಲಿಲ್ಲ, ಯಾಕೆಂದರೆ ಅವನ ಮೈಯನ್ನು ಗಾಡಿಗೆ ಹಿಡಿದಿಟ್ಟದ್ದು ಆ ಎರಡು ಕೈ ಮಾತ್ರ.

ಆ ಕೆಲಸ ಮಾಡಬೇಕಾದದ್ದು ಕಾಲು. ನಿಂತು ಓಡಿಸುವಾಗ ಪಾದದ ಮುಂಭಾಗ ಫೂಟ್‌ಪೆಗ್ ಮೇಲೆ, ಹಿಮ್ಮಡಿ ಫ್ರೇಮಿಗೆ ಒತ್ತಿಕೊಂಡು, ಮೊಣಕಾಲು ಟ್ಯಾಂಕನ್ನು ಅವುಚಿಕೊಂಡು. ಸೊಂಟದಿಂದ ಬಗ್ಗಬೇಕು, ಬೆನ್ನಿನಿಂದಲ್ಲ. ಆಗ ಥ್ರಾಟಲ್ ತಿರುಗಿಸಿದಾಗ ಮೈ ಹಿಂದಕ್ಕೆ ಜೋಲುವುದಿಲ್ಲ, ಕೈ ಬರೀ ಕಂಟ್ರೋಲ್‌ಗೆ ಉಳಿಯುತ್ತದೆ. ನಮ್ಮ ಉಡುಪಿಯವರೇ ಆದ ಬೈಕ್ ರೇಸರ್ ಅರವಿಂದ್ ಕೆ.ಪಿ. 2019ರಲ್ಲಿ ಮರುಭೂಮಿಯ ದೂರದ ರೇಸ್ ಆದ ಡಾಕರ್ ರ‍್ಯಾಲಿ ಮುಗಿಸಿ 37ನೆಯವರಾಗಿ ಬಂದರು. ಪೆರುವಿನಲ್ಲಿ ಹತ್ತು ಹಂತ, ಬಹುಪಾಲು ಮರಳು. ಬರೀ ಕೈಯ ಬಲದಲ್ಲಿ ಅಷ್ಟು ದೂರ ಹೋಗಲಿಕ್ಕೆ ಯಾರಿಂದಲೂ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಜೂನ್, ಜುಲೈ ಪೂರ್ತಿ ಕಾಲಿಗೆ ಮೀಸಲು. ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲರಿಗೂ ಗೊತ್ತಿರುವಂಥವೇ. ಹೆಚ್ಚಿನವರು ಬಿಟ್ಟುಬಿಡುವುದು ತೊಡೆಯ ಒಳಭಾಗವನ್ನು, ಟ್ಯಾಂಕ್ ಅವುಚಲು ಬೇಕಾದದ್ದು ಅದೇ. ಮಗ್ಗುಲಲ್ಲಿ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಕೆಳಗಿನ ಮೊಣಕೈ ಊರಿ, ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವ ಒಂದು ವ್ಯಾಯಾಮ ಉಂಟು. ಮೊದಲ ವಾರ ಹತ್ತು ಸೆಕೆಂಡ್ ನಿಲ್ಲುವುದೇ ದೊಡ್ಡದು, ಮರುದಿನ ನಡೆಯುವಾಗ ಆಫೀಸಿನವರು ಏನಾಯಿತು ಎಂದು ಕೇಳುತ್ತಾರೆ. ಉಸಿರಿಗೆ ಅಜ್ಜರಕಾಡಿನ ಈಜುಕೊಳ. ಮಳೆಯಲ್ಲಿ ಹೆದ್ದಾರಿ 66ರಲ್ಲಿ ಸೈಕಲ್ ಹೊಡೆಯುವ ಧೈರ್ಯ ನನಗಿಲ್ಲ. ಜೋರಾಗಿ ಈಜುವುದಿಲ್ಲ, ದಡಕ್ಕೆ ಬಂದಾಗ ಪಕ್ಕದವರೊಡನೆ ಮಾತಾಡಲು ಆಗುವಷ್ಟೇ ವೇಗ, ಆದರೆ ಹೊತ್ತು ಜಾಸ್ತಿ.

ಬೈಕಿನ ಅಭ್ಯಾಸಕ್ಕೆ ಗೆಳೆಯನ ಮಾವನ ಒಂದು ಹಡಿಲು (ಬೇಸಾಯ ಬಿಟ್ಟ) ಗದ್ದೆ, ಅದರ ಮೇಲೆ ಒಂದು ತುಂಡು ಮುರಕಲ್ಲಿನ ಪದವು, ಅಂದರೆ ಕೆಂಪುಕಲ್ಲಿನ ಬಯಲು. ಕೇಳಿಯೇ ಇಳಿಯುವುದು, ನಾಟಿ ಆಗಿರುವ ಗದ್ದೆಯ ಬದುವನ್ನೂ ಮುಟ್ಟುವುದಿಲ್ಲ. ಕುದುರೆಮುಖದ ಕಡೆ ಕಾಡಿಗೆ ಬೈಕ್ ನುಗ್ಗಿಸಿ ವಿಡಿಯೊ ಹಾಕುವವರಿಂದಾಗಿ ಈಗ ಬೈಕ್ ಕಂಡರೇ ಊರವರು ಮುಖ ಗಂಟಿಕ್ಕುತ್ತಾರೆ. ಹಳೇ ಕಲ್ಲುಕೋರೆಗಳಿಂದಲೂ ದೂರ. ಮಳೆಗಾಲದಲ್ಲಿ ಅವು ಆಳದ ಕೆರೆಗಳಾಗಿರುತ್ತವೆ, ಅಂಚು ಎಲ್ಲಿ ಎಂದು ತಿಳಿಯುವುದಿಲ್ಲ.

ಗದ್ದೆಯಲ್ಲಿ ಮಾಡುವುದು ನೋಡಲು ಬೇಜಾರಿನ ಕೆಲಸ. ನಿಂತುಕೊಂಡೇ ಎಂಟರ ಆಕಾರದಲ್ಲಿ ಸುತ್ತುವುದು, ಕಾಲು ಊರದೆ ನಡಿಗೆಯ ವೇಗದಲ್ಲಿ ಹೋಗುವುದು. ಕಾಲಿನ ಹಿಡಿತ ಪರೀಕ್ಷಿಸಲು ನೇರ ದಾರಿಯಲ್ಲಿ ಎಡಗೈ ಬೆನ್ನ ಹಿಂದೆ ಕಟ್ಟಿ ಬಲಗೈಯೊಂದರಲ್ಲೇ ಓಡಿಸುತ್ತೇನೆ. ಹ್ಯಾಂಡಲ್ ಅಲುಗಾಡಿದರೆ ಮೈಭಾರ ಇನ್ನೂ ಕೈ ಮೇಲಿದೆ ಎಂದರ್ಥ. ಮೊದಮೊದಲು ಹ್ಯಾಂಡಲ್ ಚೆಂಡೆ ಬಡಿಯುತ್ತಿತ್ತು, ಆಟಿ ತಿಂಗಳ (ತುಳುವರ ಜುಲೈ–ಆಗಸ್ಟ್ ಹೊತ್ತಿನ ತಿಂಗಳು) ಹೊತ್ತಿಗೆ ಸುಮ್ಮನಾಯಿತು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ತುಸು ಕೆಳಕ್ಕೆ ತಿರುಗಿಸಿದ್ದೂ ಸಹಾಯವಾಯಿತು. ನಿಂತಾಗ ಮಣಿಕಟ್ಟು ಮಡಚುವುದಿಲ್ಲ, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುತ್ತವೆ.

ಪದವಿನ ಮೇಲಿನ ಪಾಠ ಬೇರೆ. ಒಣಗಿದ ಮುರಕಲ್ಲು ಟಯರನ್ನು ಕಚ್ಚಿ ಹಿಡಿಯುತ್ತದೆ, ಎರಡು ವಾರ ಮಳೆ ಬಿದ್ದು ಪಾಚಿ ಕಟ್ಟಿದರೆ ಅದರ ಮೇಲೆ ನಡೆಯಲಿಕ್ಕೂ ಆಗುವುದಿಲ್ಲ. ಅಲ್ಲಿ ಮುಂದಿನ ಬ್ರೇಕ್‌ಗೆ ಒಂದೇ ಬೆರಳು, ಲಾಕ್ ಆಗುವ ಅಂಚಿಗೆ ತಂದು ಬಿಡುವುದು, ಮತ್ತೆ ತರುವುದು. ಕೈ ಬಿಗಿ ಹಿಡಿದವನಿಗೆ ಆ ಅಂಚು ಗೊತ್ತೇ ಆಗುವುದಿಲ್ಲ, ಬಿದ್ದ ಮೇಲೆ ಗೊತ್ತಾಗುತ್ತದೆ. ವೇಗ ಕಡಿಮೆ ಇರುವುದರಿಂದ ಬಿದ್ದರೂ ಲಿವರ್ ಬಗ್ಗುತ್ತದೆ, ಅಷ್ಟೇ. ಇದಕ್ಕಿಂತ ಅಗ್ಗದ ಕೋಚಿಂಗ್ ಸಿಗಲಿಕ್ಕಿಲ್ಲ.

ಆಟಿಯಲ್ಲಿ ಊರೂರಲ್ಲಿ ಕೆಸರುಗದ್ದೆ ಆಟಗಳು ನಡೆಯುತ್ತವೆ. ಹತ್ತಿರದ ಊರಿನ ಹುಡುಗರು ಆ ಹುರುಪಿನಲ್ಲೇ ಸಣ್ಣದೊಂದು ಕೆಸರು ರೇಸ್ ಇಟ್ಟರು. ಬಹುಮಾನಕ್ಕಿಂತ ನನ್ನ ಕೈ ಏನು ಹೇಳುತ್ತದೆ ನೋಡುವ ಕುತೂಹಲ. ಟಯರ್ ಗಾಳಿಯನ್ನು 14–15 ಪಿಎಸ್‌ಐಗೆ ಇಳಿಸಿದೆ. ಟ್ಯೂಬ್ ಟಯರಿನಲ್ಲಿ ಇಷ್ಟು ಕಡಿಮೆ ಇಡುವುದಾದರೆ ರಿಮ್ ಲಾಕ್ ಬೇಕೇ ಬೇಕು, ಇಲ್ಲವಾದರೆ ಟಯರ್ ರಿಮ್ಮಿನಲ್ಲಿ ಜಾರಿ ವಾಲ್ವ್ ಕಿತ್ತುಕೊಂಡು ಹೋಗುತ್ತದೆ. ಕಲ್ಲಿರುವ ಕಡೆ 18ಕ್ಕಿಂತ ಇಳಿಸುವುದಿಲ್ಲ. ಎರಡನೇ ಗೇರಿನಲ್ಲೇ ಹೊರಟೆ, ಮೊದಲನೇ ಗೇರಿನಲ್ಲಿ ಹಿಂದಿನ ಚಕ್ರ ಬರೀ ಗುಂಡಿ ತೋಡುತ್ತದೆ. ಕೊನೆಯ ಲ್ಯಾಪಿನಲ್ಲಿ ತೊಡೆ ಉರಿಯುತ್ತಿತ್ತು, ಬೆರಳು ಆಡುತ್ತಿದ್ದವು. ಗೆದ್ದದ್ದು 150 ಸಿಸಿಯ ಹಳೇ ಗಾಡಿ ತಂದಿದ್ದ ಒಬ್ಬ ಕಾಲೇಜು ಹುಡುಗ. ಅವನು ಎಲ್ಲೂ ಕೂರಲೇ ಇಲ್ಲ.

ಮಳೆಯಲ್ಲಿ ಓಡಿಸಿದರೆ ಗಾಡಿಗೂ ಅಷ್ಟೇ ಹೊತ್ತು ಕೊಡಬೇಕು. ನೀರಿನಲ್ಲಿ ಕಲಸಿದ ಕೆಂಪು ಮಣ್ಣು ಸಾಣೆ ಪುಡಿಯ ಕೆಲಸ ಮಾಡುತ್ತದೆ, ಬ್ರೇಕ್ ಪ್ಯಾಡ್ ಮತ್ತು ಚೈನ್ ನೋಡನೋಡುತ್ತ ಸವೆಯುತ್ತವೆ. ಮನೆಗೆ ಬಂದ ಕೂಡಲೇ ತೊಳೆಯುವುದು, ಆದರೆ ಪ್ರೆಶರ್ ವಾಷರಿನ ನೀರನ್ನು ಬೇರಿಂಗ್ ಕಡೆ ಹೊಡೆಯುವುದಿಲ್ಲ, ಗ್ರೀಸ್ ಹೊರಗೆ ಬಂದು ನೀರು ಒಳಗೆ ಕೂರುತ್ತದೆ. ತಿಂಗಳಿಗೊಮ್ಮೆ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಬಿಚ್ಚಿ ಗ್ರೀಸ್. ಬೂಟ್ ಒಣಗಿಸುವುದು ಇನ್ನೊಂದು ಯುದ್ಧ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಹಳೇ ಪೇಪರ್ ತುರುಕಿ, ರಾತ್ರಿ ಒಮ್ಮೆ ಬದಲಿಸಿ, ಫ್ಯಾನ್ ಕೆಳಗೆ ಇಡುತ್ತೇನೆ. ಅಮ್ಮನ ಗೊಣಗಾಟ ಬೇರೆ: "ಮನೆಯಲ್ಲಿ ಒಗೆದ ಬಟ್ಟೆಗೇ ಜಾಗ ಇಲ್ಲ, ನಿನ್ನ ಬೂಟಿಗೆ ಫ್ಯಾನಾ?"

ನಮ್ಮ ಕಡೆಯವರು ಮರೆಯಬಾರದ್ದು ಇಲಿಜ್ವರ. ಗದ್ದೆಯ ನೀರು ಗಾಯಕ್ಕೆ ತಾಗಿದರೆ ಬರುವ ರೋಗ, ಕರಾವಳಿಯಲ್ಲಿ ಪ್ರತಿ ಮಳೆಗಾಲ ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ಕಾಲಲ್ಲಿ ತರಚು ಗಾಯ ಇದ್ದರೆ ಆ ವಾರ ಕೆಸರಿಗೆ ಇಳಿಯುವುದಿಲ್ಲ. ಮುಗಿಸಿ ಬಂದು ಸೋಪು ಹಾಕಿ ತೊಳೆಯುವುದು ಕಡ್ಡಾಯ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಕೂರದೆ, ಗದ್ದೆಗೆ ಇಳಿದಿದ್ದೆ ಎಂದು ಡಾಕ್ಟರಿಗೆ ಹೇಳಿಯೇ ಪರೀಕ್ಷೆ ಮಾಡಿಸಬೇಕು.

ಮಳೆಗಾಲ ಕಲಿಸದ್ದೂ ಇದೆ. ಜಂಪ್, ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್, ಧೂಳಿನಲ್ಲಿ ಮುಂದಿನವನ ಚಕ್ರ ಕಾಣದೆ ಓಡಿಸುವುದು, ಇವಕ್ಕೆ ಕೆಸರು ಗದ್ದೆಯಲ್ಲಿ ಪರ್ಯಾಯ ಇಲ್ಲ. ಅದಕ್ಕೆಂದೇ ಅಕ್ಟೋಬರಿನಲ್ಲಿ ರಜೆ ಉಳಿಸಿಕೊಂಡು ಶಿರಾಡಿ ಹತ್ತಿ ಕೋಲಾರದ ಕಡೆ ಹೋಗುತ್ತೇನೆ. ಡಾಕರ್ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಅಲ್ಲೇ ಇರುವುದು. ಈ ಸಲ ಮಲ್ಪೆಯ ಗೆಳೆಯನೂ ಬರುತ್ತೇನೆ ಅನ್ನುತ್ತಿದ್ದಾನೆ, ಮೀನು ಚೆನ್ನಾಗಿ ಬೀಳುತ್ತಿದ್ದರೆ ಮಾತ್ರ ಬರಲಿಕ್ಕಿಲ್ಲ.