ತೂಬಿನ ಬಳಿ ನಿಂತ ಅಪ್ಪ

ಅಪ್ಪ ತೀರಿಕೊಂಡ ಮರುವರ್ಷ ಮಂಡ್ಯದ ಬಳಿ ನಮಗಿದ್ದ ಒಂದೂವರೆ ಎಕರೆ ಕಬ್ಬಿನ ಗದ್ದೆಯನ್ನು ಮಾರಿ, ಮೈಸೂರಿನ ಮನೆಯ ಮೇಲಿದ್ದ ಸಾಲ ತೀರಿಸಿದೆ. ಕೆಲವೇ ವಾರಗಳಲ್ಲಿ ಒಂದು ಕನಸು ಮತ್ತೆ ಮತ್ತೆ ಬೀಳತೊಡಗಿತು. ನಾಲೆಯ ತೂಬಿನ ಬಳಿ ಮೊಣಕಾಲುದ್ದದ ನೀರಿನಲ್ಲಿ ಅಪ್ಪ ಗುದ್ದಲಿ ಹಿಡಿದು ನಿಂತಿರುತ್ತಾರೆ. ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವುದು ತಪ್ಪಿರಬೇಕೆಂದು ನೆಂಟರೊಬ್ಬರು ಹೇಳಿದರು. ತಪ್ಪಿರಲಿಲ್ಲ.

ದಿಂಬಿನ ಪಕ್ಕ ನೋಟ್‌ಬುಕ್ಕು, ಪೆನ್ಸಿಲು ಇಟ್ಟುಕೊಂಡು ಮಲಗತೊಡಗಿದೆ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ ಕನಸನ್ನು ಒಮ್ಮೆ ಪೂರ್ತಿ ನೆನೆದು, ಆಮೇಲೆ ಬರೆಯುತ್ತಿದ್ದೆ. ಎದ್ದು ಹಾಲಿನ ಪಾತ್ರೆ ತೊಳೆಯಲು ಹೋದರೆ ಅರ್ಧಕ್ಕರ್ಧ ಅಳಿಸಿಹೋಗುತ್ತಿತ್ತು. ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ವೇಗವಾಗಿ ಚಲಿಸುವ, ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯ ಹಂತವನ್ನು 1953ರಲ್ಲಿ ನಿದ್ರೆಯ ಸಂಶೋಧಕರಾದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವಿವರಿಸಿದರು. ಸುಮಾರು 90 ನಿಮಿಷಗಳಿಗೊಮ್ಮೆ ಮರಳುವ ಈ ಹಂತ ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ವಿಶೇಷ ಬೆಲೆ ಕೊಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಎಡಪುಟದಲ್ಲಿ ಕನಸು, ಬಲಪುಟದಲ್ಲಿ ಕನಸಿನ ಒಂದೊಂದು ವಸ್ತುವಿಗೂ ನನಗೆ ತಟ್ಟನೆ ಹೊಳೆದದ್ದು. ಸರ್ಪಕ್ಕೆ ಇಂಥ ಫಲ, ನೀರಿಗೆ ಇಂಥ ಫಲ ಎನ್ನುವ ಪಟ್ಟಿಗಳನ್ನು ನಾನು ಮುಟ್ಟಲಿಲ್ಲ, ಏಕೆಂದರೆ ನನ್ನ ತೂಬು ಇನ್ನೊಬ್ಬರ ತೂಬಲ್ಲ. ಹಗಲಿನ ಮನಸ್ಸು ಒಂದೇ ಕಡೆಗೆ ವಾಲಿದಾಗ, ಅದು ಬಿಟ್ಟುಬಿಟ್ಟದ್ದನ್ನು ಸುಪ್ತ ಮನಸ್ಸು ಕನಸಿನಲ್ಲಿ ತಂದು ಸರಿದೂಗಿಸುತ್ತದೆ ಎಂದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. 1938ರಲ್ಲಿ ಭಾರತದಲ್ಲಿ ಸಂಚರಿಸಿದ್ದ ಆತ, ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಂದಿಗೆ ಮಾತುಕತೆ ನಡೆಸಿದ್ದ. ಹಗಲೆಲ್ಲ ಸಾಲ ತೀರಿದ ನೆಮ್ಮದಿಯನ್ನೇ ಹೇಳಿಕೊಂಡು ತಿರುಗುತ್ತಿದ್ದ ನನಗೆ ಸರಿದೂಗಿಸುವ ಆ ಮಾತು ನಾಟಿತು.

ಸುಮಾರು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ‘ತಿರುಗದ ಮುಖ’ ಎಂಬುದರ ಎದುರಿಗೆ ನನ್ನ ಕೈ ‘ಅಕ್ಕ’ ಎಂದು ಬರೆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ತಲೆ ಎತ್ತದೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟವಳು ಅವಳು. ಮಾರೋಣವೇ ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ.

ಆ ಭಾನುವಾರವೇ ಮದ್ದೂರಿಗೆ ಹೋಗಿ ಕನಸನ್ನೂ ತಪ್ಪನ್ನೂ ಅವಳ ಮುಂದೆ ಹೇಳಿಕೊಂಡೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ನನ್ನ ಕನಸಿಗೆ ಅಪ್ಪ ಒಂದ್ಸಲಾನೂ ಬಂದಿಲ್ಲ ಕಣೋ. ನೀರು ಎಷ್ಟಿತ್ತು ಅಂದೆ?” ಎಂದು ಕೇಳಿದಳು.