ಉದ್ದ ಫ್ರೇಮಿಗೆ ಬಾಗಿದ ಹ್ಯಾಂಡಲ್, ಗಿಡ್ಡ ಸ್ಟೆಮ್

ಪುಣೆಗೆ ಬಂದ ಹೊಸದರಲ್ಲಿ ಕೊಂಡ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ನನ್ನದು. 26 ಇಂಚಿನ ಗಾಲಿ, ಹಿಂದೆ 8 ಗೇರು, ರಿಮ್ಮನ್ನು ಎರಡು ಬದಿಯಿಂದ ಒತ್ತುವ ವಿ-ಬ್ರೇಕು. ಕಾತ್ರಜ್ ದಾಟಿ ಶಿರವಳದ ಕಡೆ ಹೊರಟರೆ ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತಿತ್ತು. ನೇರ ಹ್ಯಾಂಡಲಿನಲ್ಲಿ ಕೈ ಬದಲಿಸಿ ಹಿಡಿಯಲು ಇನ್ನೊಂದು ಜಾಗವೇ ಇಲ್ಲ. 200 ಕಿ.ಮೀ. ಬಿಆರ್‌ಎಂ (ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಓಡಿಸಬೇಕೆಂಬ ಆಸೆ ಬೇರೆ ಹುಟ್ಟಿತ್ತು, ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಸೈಕಲ್ ಮಾರಲು ಮನಸ್ಸು ಒಪ್ಪಲಿಲ್ಲ. ಹ್ಯಾಂಡಲ್ ಮಾತ್ರ ಬದಲಿಸೋಣ ಎಂದುಕೊಂಡೆ.

ಟಗರಿನ ಕೊಂಬಿನಂತೆ ಬಾಗಿದ ಡ್ರಾಪ್ ಹ್ಯಾಂಡಲ್ ತಂದೆ. ಅದರ ನಡುಭಾಗ 31.8 ಮಿ.ಮೀ. ದಪ್ಪ, ಹ್ಯಾಂಡಲನ್ನು ಫೋರ್ಕಿನ ಪೈಪಿಗೆ ಜೋಡಿಸುವ ತುಂಡಿಗೆ ಸ್ಟೆಮ್ ಎನ್ನುತ್ತಾರೆ; ನನ್ನ ಹಳೆಯ 100 ಮಿ.ಮೀ. ಉದ್ದದ ಸ್ಟೆಮ್ಮಿನಲ್ಲಿ ಹ್ಯಾಂಡಲ್ ಕೂರುವ ಬಾಯಿ 25.4. ಕೂಡುವ ಮಾತೇ ಇಲ್ಲ. ಅಂಗಡಿಯಲ್ಲಿ ಸಿಕ್ಕ 90ರ ಸ್ಟೆಮ್ ಹಾಕಿಸಿಕೊಂಡು ಮರುದಿನವೇ ಖಡಕ್‌ವಾಸ್ಲಾಕ್ಕೆ ಹೊರಟೆ. ಅಣೆಕಟ್ಟಿನ ಏರಿಯ ಮೇಲೆ ಇಳಿದಾಗ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಬ್ರೇಕ್ ಲಿವರಿನ ಮೇಲೆ ಕೈ ಇಟ್ಟರೆ ಮೊಣಕೈ ನೆಟ್ಟಗೆ ಸೆಟೆದು ನಿಲ್ಲುತ್ತಿತ್ತು.

ಎಂಟಿಬಿಯ ಫ್ರೇಮ್ ಉದ್ದ ಇರುವುದು ನೇರ ಹ್ಯಾಂಡಲಿಗೆ ಹೊಂದುವಂತೆ. ಅಲ್ಲಿ ಹಿಡಿಕೆ ಸ್ಟೆಮ್ಮಿನ ಬಾಯಿಗಿಂತ ತುಸು ಹಿಂದಕ್ಕೇ ಇರುತ್ತದೆ. ಡ್ರಾಪ್ ಹ್ಯಾಂಡಲಿನಲ್ಲಿ ಕೈ ಆ ಬಾಯಿಯನ್ನು ದಾಟಿ ಇನ್ನೂ ಮುಂದೆ ಹೋಗಿ ಕೂರುತ್ತದೆ, ಅದಕ್ಕೇ ರೋಡ್ ಬೈಕಿನ ಫ್ರೇಮ್ ಗಿಡ್ಡ. ಉದ್ದ ಫ್ರೇಮಿಗೆ ಮುಂದೆ ಚಾಚಿದ ಹ್ಯಾಂಡಲ್ ಸೇರಿದರೆ ಎರಡೂ ಉದ್ದ ಬೆನ್ನಿನ ಮೇಲೇ ಬೀಳುತ್ತವೆ.

ನನಗೆ ದಾರಿ ತೋರಿಸಿದವರು ಇಂಡಿ ಕಡೆಯ ಒಬ್ಬ ಮಿಸ್ತ್ರಿ. ಪೇಠೆಯ ಸಂದಿಯೊಂದರಲ್ಲಿ ಅಂಗಡಿ, ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಸ್ಟೆಮ್ ಎಷ್ಟರದು ಹಾಕಲಿ ಎಂದು ಕೇಳಿದ್ದಕ್ಕೆ, "ನಂಬರ್ ಆಮ್ಯಾಲ ನೋಡೂಣ್ರಿ ಸರ. ಮೊದ್ಲ ನಿಮ್ಮ ಕೈ ಎಲ್ಲಿ ಕೂಡ್ತೈತಿ ಅದನ್ನ ಅಳೀರಿ" ಎಂದರು. ಹಳೇ ಹ್ಯಾಂಡಲನ್ನು ತರಿಸಿ ಮತ್ತೆ ಕೂರಿಸಿದರು. ಸೈಕಲ್ಲನ್ನು ಗೋಡೆಗೆ ಒರಗಿಸಿ ನನ್ನನ್ನು ಹತ್ತಿಸಿದರು. ಸೀಟಿನ ಮೂತಿಯಿಂದ ನನ್ನ ಹೆಬ್ಬೆರಳು ತೋರುಬೆರಳಿನ ಸಂದಿಯವರೆಗೆ ಒಂದು ದಾರ ಎಳೆದು ಅಲ್ಲಿ ಗಂಟು ಹಾಕಿದರು. ಹೊಸ ಹ್ಯಾಂಡಲ್ ಹಾಕಿ ಅದೇ ದಾರ ಹಿಡಿದರೆ ಗಂಟು ಲಿವರಿನಿಂದ ಸಾಕಷ್ಟು ಹಿಂದೆಯೇ ನಿಂತಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಮುಂಚಾಚು ಕಡಿಮೆ ಇರುವ, 70 ಮಿ.ಮೀ.ನ ಹ್ಯಾಂಡಲ್ ಆರಿಸಿಕೊಂಡರೂ ಸ್ಟೆಮ್ಮಿನ ಬಾಯಿಯಿಂದ ಲಿವರಿನ ಮೇಲೆ ಕೈ ಕೂರುವ ಜಾಗಕ್ಕೆ 110 ಬಂತು. ಹಳೆಯದರಲ್ಲಿ ಕೈ 10 ಹಿಂದಿತ್ತು. ಅಂದರೆ 120 ಮುಂದಕ್ಕೆ. 100ರ ಜಾಗದಲ್ಲಿ 40ರ ಸ್ಟೆಮ್ ಹಾಕಿದರೆ 60 ವಾಪಸು ಬರುತ್ತದೆ. ಮೇಲ್ಮುಖದ ಸ್ಟೆಮ್ ತಗೊಂಡು ಹ್ಯಾಂಡಲನ್ನು 30 ಎತ್ತರಿಸಿದರೆ, ಮುಂದಿನ ಪೈಪು ಓರೆಯಾಗಿರುವುದರಿಂದ ಸುಮಾರು 10 ತಾನಾಗಿ ಹಿಂದೆ ಸರಿಯುತ್ತದೆ. ಉಳಿದ 50ರಷ್ಟು ಬಾಗುವುದು ಗಾಳಿಗೆ ನನಗೂ ಬೇಕಿತ್ತು. ಸೀಟನ್ನು ಮುಂದಕ್ಕೆ ತಳ್ಳಿ ಸರಿಮಾಡೋಣ ಅನ್ನಿಸುತ್ತದೆ, ಅದನ್ನು ಮಾತ್ರ ಮಾಡಬೇಡಿ. ಸೀಟಿನ ಜಾಗ ಪೆಡಲ್ಲಿಗೂ ಮೊಣಕಾಲಿಗೂ ಸೇರಿದ್ದು.

ಇಷ್ಟು ಗಿಡ್ಡ ಸ್ಟೆಮ್ ಹಾಕಿದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ, ಚಂಚಲ ಆಗುತ್ತದೆ ಎಂದು ಹಲವರು ಹೆದರಿಸಿದ್ದರು. ಸಿಂಹಗಡದ ಇಳಿಜಾರಿನಲ್ಲಿ ಹಾಗೇನೂ ಆಗಲಿಲ್ಲ. ಕಾರಣ ಸರಳ: ಸ್ಟೆಮ್ 40 ಇದ್ದರೂ ಕೈ ಇರುವುದು ಅದಕ್ಕಿಂತ 110 ಮುಂದೆ, ತಿರುಗಿಸುವ ಸನ್ನೆಗೋಲಿನ ಉದ್ದ ಒಟ್ಟು 150 ಆಯಿತು. ಮೇಲಿನ ಅಡ್ಡಭಾಗ ಹಿಡಿದಾಗ ಮಾತ್ರ ಚುರುಕು ತಿಳಿಯುತ್ತದೆ, ಇಳಿಜಾರಿನಲ್ಲಿ ಅಲ್ಲಿ ಹಿಡಿಯಲೂ ಬಾರದು. ಒಂದು ತೊಂದರೆ ಇದೆ. ಸಾವಕಾಶ ಹೋಗುತ್ತ ಪೂರ್ತಿ ತಿರುಗಿಸಿದರೆ ಕೆಳಕೊಂಬಿನ ತುದಿ ಮೊಣಕಾಲಿಗೆ ತಗಲುತ್ತದೆ. ಬೋಪ್‌ದೇವ್ ಘಾಟಿನ ತಿರುವಿನಲ್ಲಿ ಎರಡು ಸಲ ತಗಲಿತು, ಆಮೇಲೆ ರೂಢಿಯಾಯಿತು.

ಬ್ರೇಕಿನ ವಿಷಯದಲ್ಲಿ ಉಳಿತಾಯ ನೋಡಬಾರದು. ಸಾದಾ ರೋಡ್ ಲಿವರ್ ಎಳೆಯುವ ಕೇಬಲ್ ವಿ-ಬ್ರೇಕಿಗೆ ಸಾಲದು. ಪ್ಯಾಡ್ ರಿಮ್ಮಿಗೆ ಒತ್ತುವ ಮೊದಲೇ ಲಿವರ್ ಹ್ಯಾಂಡಲ್ ಮುಟ್ಟಿಬಿಡುತ್ತದೆ. ನಾನು ವಿ-ಬ್ರೇಕಿಗೆಂದೇ ಮಾಡಿದ ಟೆಕ್ಟ್ರೋ ಆರ್‌ಎಲ್520 ಹಾಕಿದೆ. ಹಳೆಯ ಗೇರ್ ಶಿಫ್ಟರ್ 22.2 ಮಿ.ಮೀ. ಕೊಳವೆಯದು, ಡ್ರಾಪ್ ಹ್ಯಾಂಡಲಿನ ಕೊಳವೆ 23.8. ಅದಕ್ಕೆ ಕೊಂಬಿನ ತುದಿಗೆ ಕೂರುವ ಶಿಮಾನೋ ಶಿಫ್ಟರ್ ತಂದೆ. ಶಿಮಾನೋದ 8 ಗೇರಿನಲ್ಲಿ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ರೋಡ್ ಬೈಕಿನದಾದರೂ ಎಂಟಿಬಿಯದಾದರೂ ಕೇಬಲ್ ಎಳೆಯುವ ಲೆಕ್ಕ ಒಂದೇ. ಎಡಗಡೆಯ ಶಿಫ್ಟರಿನಲ್ಲಿ ಕಟಕಟ ಇಲ್ಲ, ಬೇಕಾದಷ್ಟು ಎಳೆದು ನಿಲ್ಲಿಸಬಹುದು, ಹಾಗಾಗಿ ಮುಂದಿನ ಡಿರೇಲರಿನ ತಕರಾರೂ ಇಲ್ಲ. ಕೇಬಲ್ಲಿನ ಹೊರಕವಚ ಎಲ್ಲ ಹೊಸದು, ಉದ್ದದ್ದೇ ಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಯೇ ಕತ್ತರಿಸಿ.

ಸ್ಟೆಮ್ ಬಿಗಿಯುವಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟು, ಆಮೇಲೆ ಪಕ್ಕದವು. ಫೋರ್ಕಿನ ಪೈಪು ಸ್ಟೆಮ್ಮಿನ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಮುಚ್ಚಳ ಪೈಪಿಗೇ ತಾಗಿ ಬೇರಿಂಗ್ ಸಡಿಲ ಉಳಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಟಕ್ ಅನ್ನಬಾರದು. ಬೋಲ್ಟನ್ನು ಸ್ಟೆಮ್ಮಿನ ಮೇಲೆ ಬರೆದಷ್ಟೇ ಬಿಗಿಯಬೇಕು, ನನ್ನದರ ಮೇಲೆ 5 ನ್ಯೂಟನ್ ಮೀಟರ್ ಎಂದಿತ್ತು.

ಹ್ಯಾಂಡಲ್ ಟೇಪನ್ನು ಮಿಸ್ತ್ರಿ ಕೂಡಲೇ ಸುತ್ತಲು ಬಿಡಲಿಲ್ಲ. ಲಿವರುಗಳನ್ನು ಬರೀ ಕೊಳವೆಯ ಮೇಲೆ ಬಿಗಿದುಕೊಂಡೇ ಮೂರು ಭಾನುವಾರ ಓಡಿಸಿದೆ. ಮೊದಲ ವಾರ ಬಲ ಲಿವರ್ ಸ್ವಲ್ಪ ಮೇಲೆ, ಎರಡನೆಯ ವಾರ ಎಡದ್ದೂ ಅಷ್ಟೇ ಮೇಲೆ. ಮೂರನೆಯ ವಾರ ಶಿರವಳದ ನೀರಾ ಸೇತುವೆಯವರೆಗೆ ಹೋಗಿ ಬಂದರೂ ಎಲನ್ ಕೀ ಚೀಲದಿಂದ ಹೊರಗೆ ತೆಗೆಯಬೇಕಾಗಲಿಲ್ಲ. ಆ ಸಂಜೆ ಟೇಪು ಸುತ್ತಿದೆವು.